ಜಾಜಿ ಎಲೆ, ಮಲ್ಲಿಗೆ ದಂಡೆ

ದಾವಣಗೆರೆಯಲ್ಲಿ ಇದ್ದುಕೊಂಡು ಬಾಯಿಹುಣ್ಣು ಮಾಡಿಕೊಳ್ಳಬಾರದು. ಸಂಜೆ ಐದಾದರೆ ಬೀದಿ ತುಂಬಾ ಮಿರ್ಚಿ ಕರಿಯುವ ವಾಸನೆ. ಮನೆಯವರೆಲ್ಲ ಮಂಡಕ್ಕಿ ಮುಂದಿಟ್ಟುಕೊಂಡು ಕೂತರೆ ನನಗೆ ಮಾತ್ರ ಉಪ್ಪಿಲ್ಲದ ಮೊಸರನ್ನ. ಕೆಳತುಟಿಯ ಒಳಗೆ ಮೆಣಸಿನಕಾಯಿ ಬೀಜದಷ್ಟು ಹುಣ್ಣು, ಅಷ್ಟಕ್ಕೇ ಕಣ್ಣಲ್ಲಿ ನೀರು.

ನಾಲ್ಕನೇ ದಿನ ನಮ್ಮತ್ತೆ ಹಿತ್ತಲಿಂದ ಒಂದು ಹಿಡಿ ಜಾಜಿ ಎಲೆ ತಂದು ಕೈಗಿಟ್ಟರು. "ಹೂವು ಮುಡಿಯಾಕೆ, ಎಲೆ ಅಗಿಯಾಕೆ. ನುಂಗಬ್ಯಾಡ, ರಸ ಬಾಯ್ತುಂಬ ಆಡಿಸಿ ಉಗುಳು."

ಜಾಜಿಯದು ಕಡ್ಡಿಯ ಎರಡೂ ಕಡೆ ಜೋಡಿ ಜೋಡಿ ಕಿರುಎಲೆ, ತುದಿಯದೊಂದು ತುಸು ದೊಡ್ಡದು. ದುಂಡುಮಲ್ಲಿಗೆಯದು ಬಿಡಿ ಎಲೆ, ಅಲ್ಲೇ ಗುರುತು ಸಿಗುತ್ತದೆ. ಹೂವಿನ ಘಮ ನೆನೆಸಿಕೊಂಡು ಬಾಯಿಗೆ ಹಾಕಿದೆ. ಬರೀ ಕಹಿ, ಮೇಲೆ ಒಗರು! ಆದರೂ ಉರಿ ತಗ್ಗಿತು. ಬೆಳಗ್ಗೆ ಸಂಜೆ ಅಗಿದೆ, ಮೂರು ದಿನಕ್ಕೆ ಹುಣ್ಣು ಮಾಯಿತು. ಅಷ್ಟೊತ್ತಿಗೆ ತಾನಾಗೇ ಮಾಯುತ್ತಿತ್ತೇನೋ. ಅತ್ತೆಯ ಮುಂದೆ ಹೇಳಲಿಲ್ಲ.

ಆಯುರ್ವೇದದವರು ಇದಕ್ಕೆ 'ಜಾತಿ' ಅನ್ನುತ್ತಾರೆ. (ಪಲಾವಿಗೆ ಹಾಕುವ ಜಾಜಿಕಾಯಿಗೂ ಈ ಬಳ್ಳಿಗೂ ಸಂಬಂಧವಿಲ್ಲ, ಅದು ಬೇರೆಯೇ ಮರ.) ಗಾಯಕ್ಕೆ ಹಚ್ಚುವ ಜಾತ್ಯಾದಿ ತೈಲಕ್ಕೆ ಹೆಸರು ಬಂದಿದ್ದು ಈ ಎಲೆಯಿಂದಲೇ. ಕಹಿ ಅಗಿಯುವ ಬದಲು ಎಣ್ಣೆ ಹಚ್ಚಿದರಾಯ್ತು ಅಂತ ಬಾಟಲಿಯನ್ನೂ ತಂದಿದ್ದೆ. ಪುಣ್ಯಕ್ಕೆ ಚೀಟಿ ಓದಿದೆ. ಬೇವು, ಅರಿಶಿನದ ಜೊತೆ ಮೈಲುತುತ್ತ! ಚನ್ನಗಿರಿ ಕಡೆ ಅಡಿಕೆಗೊನೆಗೆ ಹೊಡೆಯುವ ಬೋರ್ಡೋ ದ್ರಾವಣದ ಅದೇ ನೀಲಿ ಹರಳು. ಮೈಮೇಲಿನ ಗಾಯಕ್ಕೆ ಸರಿ, ಬಾಯಿಗೆ ಮಾತ್ರ ಬೇಡ. ಬಾಟಲಿ ಈಗ ನನ್ನ ಹಿಮ್ಮಡಿ ಬಿರುಕಿಗೆ.

ಎಲೆ ಬಿಡಿಸುತ್ತಾ ಅತ್ತೆ ಇನ್ನೊಂದು ಹೇಳಿದರು, ದನಿ ತಗ್ಗಿಸಿ. ಅವರ ತಂಗಿಯ ಚೊಚ್ಚಲ ಕೂಸು ಒಂಬತ್ತನೇ ದಿನಕ್ಕೆ ಹೋಯಿತಂತೆ. ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ಅವರಮ್ಮ ದುಂಡುಮಲ್ಲಿಗೆ ದಂಡೆ ಎದೆಗೆ ಕಟ್ಟಿ, ಬಾಡಿದ್ದು ತೆಗೆದು ಹೊಸದು ಕಟ್ಟಿ, ಹಾಲು ಬತ್ತಿಸಿದರು. ಕಟ್ಟುಕತೆ ಅಂದುಕೊಂಡೆ. ಹುಡುಕಿದರೆ, ವೆಲ್ಲೂರಿನ ವೈದ್ಯರು ಇದನ್ನೇ ಹಾಲು ಬತ್ತಿಸುವ ಬ್ರೋಮೋಕ್ರಿಪ್ಟಿನ್ ಮಾತ್ರೆಯ ಜೊತೆ ಹೋಲಿಸಿ ನೋಡಿ, ಹಾಲು ಇಳಿಸುವುದರಲ್ಲಿ ಮಲ್ಲಿಗೆಯೂ ಕಮ್ಮಿಯಿಲ್ಲ ಅಂತ 1988ರಲ್ಲಿ ಬರೆದಿದ್ದಾರೆ.

ಆ ಚಿಕ್ಕತ್ತೆ ಹಬ್ಬಕ್ಕೆ ಬಂದಾಗೆಲ್ಲ ನಮ್ಮತ್ತೆ ಅವರಿಗೆಂದೇ ಬೇರೆ ಹೂವು ತರಿಸುತ್ತಿದ್ದರು. ಯಾಕೆ ಅಂತ ನಾನು ಕೇಳಿರಲಿಲ್ಲ. ಕನಕಾಂಬರ, ಎರಡು ಮೊಳ.