ಜಿಂಕೆ ಉಗುಳಿದ ನೆಲ್ಲಿ

ಮೊನ್ನೆ ಉಪ್ಪಿನಕಾಯಿಗೆ ಅಂತ ಬೆಟ್ಟದ ನೆಲ್ಲಿಕಾಯಿ ಬಿಡಿಸಿದ್ದೆ. ಗೊರಟೆಗಳನ್ನು ಬಿಸಾಡೋಕೆ ಮನಸ್ಸಾಗದೆ ಮೊರದಲ್ಲಿ ಹರಡಿ ತಾರಸಿಯಲ್ಲಿಟ್ಟಿದ್ದೆ.

ಇವತ್ತು ಮಧ್ಯಾಹ್ನ ಒಣಗಿದ ಬಟ್ಟೆ ತೆಗೆಯಲು ಹೋದರೆ ಟಪ್ ಅಂತ ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು ಟಪ್.

ಬಿಸಿಲಿಗೆ ಗೊರಟೆ ಸಿಡಿಯುತ್ತಿತ್ತು!

ಒಂದನ್ನು ಕೈಗೆ ತಗೊಂಡು ನೋಡಿದೆ. ಕಲ್ಲಿನಂತೆ ಗಟ್ಟಿ, ಮೈಮೇಲೆ ಆರು ಏಣು. ಒಳಗೆ ಮೂರು ಕೋಣೆ, ಕೋಣೆಗೆ ಎರಡೆರಡು ಪುಟ್ಟ ಕಂದು ಬೀಜ.

ಕಾಡಲ್ಲಿ ಬೀಜ ಹರಡುವ ಈ ಕೆಲಸ ಶುರು ಮಾಡೋದು ಜಿಂಕೆ. ಉದುರಿದ ಕಾಯಿಯನ್ನು ಇಡಿಯಾಗಿ ನುಂಗುತ್ತೆ. ಆಮೇಲೆ ಎಲ್ಲೋ ದೂರ ನೆರಳಲ್ಲಿ ಮಲಗಿ ಮೆಲುಕು ಹಾಕುವಾಗ ಗೊರಟೆಯನ್ನು ಮಾತ್ರ ಉಗುಳುತ್ತೆ. ತಿರುಳು ಹೋಗಿರುತ್ತೆ, ಗೊರಟೆ ಚೊಕ್ಕ. ಮುಂದಿನದು ಬಿಸಿಲಿನ ಪಾಲು.

ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗ ಬುಡಕಟ್ಟಿನವರು ತಲೆಮಾರುಗಳಿಂದ ನೆಲ್ಲಿ ಕೀಳುತ್ತಾ ಬಂದಿದ್ದಾರೆ. ಆ ಮರಗಳನ್ನು ಯಾರೂ ಸಾಲಾಗಿ ನೆಟ್ಟಿದ್ದಲ್ಲ. ಎಷ್ಟೋ ಮರಗಳ ಹಿಂದೆ ಯಾವುದೋ ಜಿಂಕೆಯ ಮಧ್ಯಾಹ್ನದ ನಿದ್ದೆ ಇದೆ, ಅಲ್ವಾ?

ಸಂಕಟ ಏನಂದ್ರೆ, ಈಗ ಅಲ್ಲಿ ಲಂಟಾನ ಅನ್ನೋ ಕಳೆಪೊದೆ ಜಾಸ್ತಿ. ಅದರ ಹಣ್ಣನ್ನೂ ಹಕ್ಕಿಗಳೇ ತಿಂದು ಹರಡಿದ್ದು. ಹಕ್ಕಿಗೇನು ಗೊತ್ತು ಪಾಪ. ಆ ಪೊದೆಯ ಕತ್ತಲಲ್ಲಿ ನೆಲ್ಲಿ ಸಸಿ ಮೇಲೇಳೋದು ಕಷ್ಟ.

ಮೊರದ ಸುತ್ತ ಚದುರಿದ್ದ ಬೀಜಗಳನ್ನು ಒಂದೊಂದಾಗಿ ಹೆಕ್ಕಿದೆ. ಆರನ್ನು ಕುಂಡಕ್ಕೆ ಹಾಕಿದ್ದೇನೆ. ಉಳಿದವು ಕಾಗದದ ಪೊಟ್ಟಣದಲ್ಲಿವೆ, ಜಾಗ ಇರೋರು ಬಂದು ತಗೊಂಡು ಹೋಗಿ.