ಸಂಚಕಾರ ಕೊಟ್ಟ ಮ್ಯಾಲ ಮನಸ್ಸ ಬದಲಾದ್ರ ರೊಕ್ಕ ವಾಪಸ್ ಬರ್ತೈತೇನ್ರಿ?

ನಾನು ಬೆಳಗಾವಿಯೊಳಗ ಖರೀದಿ ಪತ್ರ, ಸಂಚಕಾರ ಪತ್ರ ಬರಿಯೋ ಕೆಲಸದಾಗ ಇರಾಂವ. ಸಂಚಕಾರ ಅಂದ್ರ ಮನಿ, ಜಾಗಾದ ವ್ಯವಹಾರ ಪಕ್ಕಾ ಮಾಡಲಿಕ್ಕೆ ಮೊದಲ ಕೊಡೋ ರೊಕ್ಕ. ಹಿಂಗಾಗಿ ಲಗ್ನಕ್ಕ ಹೋದ್ರೂ, ಚಾದಂಗಡ್ಯಾಗ ಕುಂತ್ರೂ ಮಂದಿ ಕೇಳೂದು ಇದೊಂದ ಪ್ರಶ್ನೆ, "ಸರ, ಮನಿಗೆ ಸಂಚಕಾರ ಕೊಟ್ಟೀವಿ, ಈಗ ಬ್ಯಾಡ ಅನಸಾಕತ್ತೈತಿ, ಎಷ್ಟ ದಿನದಾಗ ಹೇಳಿದ್ರ ರೊಕ್ಕ ವಾಪಸ್ ಬರ್ತೈತಿ?" ಕೆಲವ್ರು ಏಳ ದಿನ ಐತಂತ ಗಟ್ಟಿ ನಂಬಕೊಂಡ ಬರ್ತಾರ, ಕೆಲವ್ರು ಹದಿನೈದ ಅಂತಾರ, ಇನ್ನ ಕೆಲವ್ರು ಮಗಾ ಸಿಡ್ನಿಯೊಳಗ ಅದಾನ್ರಿ, ಅಲ್ಲಿ ಸಹಿ ಆದ ಮ್ಯಾಲ ಮನಸ್ಸ ಬದಲ ಮಾಡ್ಲಿಕ್ಕೆ ಐದ ದಿನ ಕೂಲಿಂಗ್ ಆಫ್ ಪೀರಿಯಡ್ ಅಂತ ಕೊಡ್ತಾರಂತ, ನಮ್ಮಲ್ಲೂ ಇರಬೇಕಲ್ರಿ ಅಂತಾರ.

ಇಲ್ರಿ. ನಮ್ಮ ದೇಶದಾಗ ಮನಿ, ಜಾಗಾ ತಗೊಳ್ಳಾವ್ರಿಗೆ ಆಗ್ಲಿ ಮಾರಾವ್ರಿಗೆ ಆಗ್ಲಿ, ಸಹಿ ಮಾಡಿದ ಮ್ಯಾಲ ಸುಮ್ನ ಮನಸ್ಸ ಬದಲಾತು ಅಂತ ಹಿಂದ ಸರೀಲಿಕ್ಕೆ ಕಾನೂನು ಒಂದ ದಿನಾನೂ ಕೊಟ್ಟಿಲ್ಲ. ಆ ದಿನಾ ಬೇಕಂದ್ರ ನಾವ ಪತ್ರದಾಗ ಬರಸ್ಕೋಬೇಕು, ಅದನ್ನ ಬರಸಾವ್ರು ಬಾಳ ಕಮ್ಮಿ, ಅದಕ್ಕ ಇಷ್ಟ ಉದ್ದ ಬರ್ಯಾಕತ್ತೀನಿ.

ಆ ಮಗಾ ಹೇಳಿದ್ದು ಮಾತ್ರ ಖರೇನ ಐತಿ. ಸಿಡ್ನಿ ಇರೋ ನ್ಯೂ ಸೌತ್ ವೇಲ್ಸ್ ರಾಜ್ಯದಾಗ ಕರಾರು ಆದ ಮ್ಯಾಲ ಐದು ಕೆಲಸದ ದಿನದಾಗ ತಗೊಳ್ಳಾವ್ರು ಕಾರಣ ಹೇಳದನ ಬಿಡಬಹುದು, ಬೆಲೆದ 0.25% ಅಷ್ಟ ಬಿಟ್ಟಕೊಡಬೇಕು, ಅಂದ್ರ ಹತ್ತು ಲಕ್ಷ ಡಾಲರ್ ಮನಿಗೆ 2,500 ಡಾಲರ್. ಮೆಲ್ಬರ್ನ್ ಕಡೆ ಮೂರು ಕೆಲಸದ ದಿನ. ಕೆನಡಾದ ಬ್ರಿಟಿಷ್ ಕೊಲಂಬಿಯಾದಾಗ 2023ರ ಜನವರಿಯಿಂದ ಇದ ಥರಾ ಮೂರು ದಿನ, ಫ್ರಾನ್ಸಿನ್ಯಾಗ ಹತ್ತು ದಿನ. ಆದ್ರ ಸಿಡ್ನಿ, ಮೆಲ್ಬರ್ನ್‌ದಾಗ ಹರಾಜಿನ್ಯಾಗ ತಗೊಂಡ್ರ ಈ ಸವಲತ್ತ ಇಲ್ಲ, ಮತ್ತ ನಾ ಹೇಳಿದ ಈ ಎಲ್ಲಾ ಕಡೆ ಈ ಹಕ್ಕ ತಗೊಳ್ಳಾವ್ರಿಗೆ ಅಷ್ಟ, ಮಾರಾವ್ರಿಗೆ ಇಲ್ಲ. ಇಲ್ಲಿ ಕುಂತ ಫೋನಿನ್ಯಾಗ ಕೇಳಾವ್ರಿಗೆ ಅರ್ಧಾ ಅಷ್ಟ ಗೊತ್ತಾಗಿರ್ತೈತಿ.

ನಮ್ಮಲ್ಲಿ ನಡಿಯೂದು 1872ರ ಕರಾರು ಕಾಯ್ದೆ ಮ್ಯಾಲ. ಸಂಚಕಾರ ಪತ್ರ ಆತಂದ್ರ ಮನಿ ನಿಮ್ಮದಾಗೂದಿಲ್ಲ, ಆಸ್ತಿ ವರ್ಗಾವಣೆ ಕಾಯ್ದೆ 54ನೇ ಕಲಮಿನ ಪ್ರಕಾರ ಮಾರಾಟ ಆಗೂದು ಖರೀದಿ ಪತ್ರದಿಂದ, ಆದ್ರ ಕೊಟ್ಟ ಮಾತು ಇಬ್ರನ್ನೂ ಕಟ್ಟಿ ಹಾಕ್ತೈತಿ. ತಗೊಳ್ಳಾವ್ರು ಬ್ಯಾಡಂದ್ರ ಸಂಚಕಾರ ಹೋಗಬಹುದು. 2012ರಾಗ ಸುಪ್ರೀಂ ಕೋರ್ಟ್ ಒಂದ ತೀರ್ಪಿನ್ಯಾಗ ಸಾಫಾಗಿ ಹೇಳೈತಿ, ಸಂಚಕಾರ ಅಂತ ಕೊಟ್ಟಿದ್ದು, ಹಿಂದ ಸರಿದ್ರ ಜಪ್ತಾಗ್ತೈತಿ ಅಂತ ಪತ್ರದಾಗ ಇದ್ರ ಅದನ್ನ ಇಟಗೋಬಹುದು, ಆದ್ರ ಬೆಲೆದ ಭಾಗ ಅಂತ ಕೊಟ್ಟ ಅಡ್ವಾನ್ಸ್ ಇಟಗೊಳ್ಳಾಕ ಬರೂದಿಲ್ಲ. ಇದು ಬಾಳ ದೊಡ್ಡ ಮಾತ್ರಿ. ನಮ್ಮ ಮಂದಿ ಹತ್ತು ಲಕ್ಷ ಕೊಟ್ಟು ಎಲ್ಲಾದಕ್ಕೂ ಸಂಚಕಾರ ಅಂತ ಬರಸ್ತಾರ. ಅದರ ಬದಲಿ ಒಂದು ಲಕ್ಷ ಸಂಚಕಾರ, ಒಂಬತ್ತ ಲಕ್ಷ ಖರೀದಿ ಬೆಲೆಯ ಮುಂಗಡ ಅಂತ ಬ್ಯಾರೆ ಬ್ಯಾರೆ ಬರಸ್ರಿ. ಇನ್ನ "ಮಾರಾವ್ರು ತಪ್ಪಿದ್ರ ಡಬಲ್ ಕೊಡಬೇಕು" ಅಂತ ಒಂದ ಸಾಲು ಎಲ್ಲಾ ಪತ್ರದಾಗೂ ಇರ್ತೈತಿ, ಆದ್ರ ಕರಾರು ಕಾಯ್ದೆ 74ನೇ ಕಲಮಿನ ಪ್ರಕಾರ ಕೋರ್ಟು ಪತ್ರದಾಗ ಬರೆದ ಮೊತ್ತಾನ ಹೆಚ್ಚಂದ್ರ ಮಿತಿ ಅಂತ ಹಿಡದು ಅದರೊಳಗ ನ್ಯಾಯ ಅನಸೋ ಅಷ್ಟ ಪರಿಹಾರ ಕೊಡ್ತೈತಿ, ಡಬಲ್ ಬಂದ ಬಿಡ್ತೈತಿ ಅಂತ ಲೆಕ್ಕಾ ಹಾಕ್ಕೊಂಡ ಕೂಡಬ್ಯಾಡ್ರಿ.

ಮಾರಾವ್ರಿಗಂತೂ ಇನ್ನೂ ಬಿಗಿ. ರೇಟ್ ಏರಿತು ಅಂತ ಹಿಂದ ಸರಿದ್ರ ಸಂಚಕಾರ ತಿರಗಿ ಕೊಟ್ಟ ಕೈ ತೊಳಕೊಳ್ಳಾಕ ಆಗೂದಿಲ್ಲ. ತಗೊಳ್ಳಾವ್ರು ರೊಕ್ಕ ತಯಾರ ಇಟಗೊಂಡಿದ್ರ ಖರೀದಿ ಮಾಡಿಕೊಡ್ರಿ ಅಂತನ ಕೋರ್ಟಿಗೆ ಹೋಗಬಹುದು, ಮೂರು ವರ್ಷ ಮುದತ್ತ ಇರ್ತೈತಿ, 2018ರ ತಿದ್ದುಪಡಿ ಆದ ಮ್ಯಾಲ ಇಂಥಾ ಆದೇಶ ಕೊಡೂದು ಕೋರ್ಟಿನ ಮರ್ಜಿ ಅಂತ ಮೊದಲ ಇದ್ದದ್ದೂ ಹೋಗೈತಿ. ಶಹಾಪುರ, ವಡಗಾವಿ ಕಡೆ ಹಳೇ ಮನಿ ವ್ಯವಹಾರದಾಗ ನಾ ಹೆಚ್ಚ ನೋಡೂದು ಏನಂದ್ರ ಅಣ್ಣತಮ್ಮಂದಿರು ಸಂಚಕಾರ ತಗೊಂಡ ಬಿಟ್ಟಿರ್ತಾರ, ಅಕ್ಕತಂಗ್ಯಾರನ್ನ ಕೇಳಿರೂದಿಲ್ಲ. ಅಪ್ಪ ಸ್ವಂತ ಗಳಿಸಿದ ಮನಿ ಇದ್ದು ಮೃತ್ಯುಪತ್ರ ಬರೀದ ತೀರಕೊಂಡಿದ್ರ ಹಿಂದೂ ಕುಟುಂಬದಾಗ 1956ರಿಂದಾನ ಹೆಣ್ಣಮಕ್ಕಳಿಗೆ ಸಮಾನ ಪಾಲ ಐತಿ, ಪಿತ್ರಾರ್ಜಿತದಾಗ 2005ರ ತಿದ್ದುಪಡಿಯಿಂದ ಬಂದೈತಿ. ಅಕ್ಕಾರು ಸಹಿ ಮಾಡೂದಿಲ್ಲ ಅಂದ್ರ ಅದು ಅವರ ಹಕ್ಕ, ಅವರನ್ನ ಬೈದು ಉಪಯೋಗಿಲ್ಲ, ಕೇಳದ ರೊಕ್ಕ ಮುಟ್ಟಿದಾವ್ರದ ತಪ್ಪು. ತಗೊಳ್ಳಾವ್ರು ಸಂಚಕಾರದ ದಿನಾನ ವಾರಸಾ, ಅಂದ್ರ ಹಕ್ಕುದಾರರು ಯಾರ್ಯಾರು ಅನ್ನೂದು ನೋಡಿ ಎಲ್ಲಾರ ಸಹಿ ಹಾಕಸ್ಕೋರಿ.

ಇನ್ನ ನಾಲ್ಕ ತಿಂಗಳದ್ದೊಂದ ತಪ್ಪ ತಿಳುವಳಿಕಿ ಐತಿ. ಖರೀದಿ ಪತ್ರಕ್ಕ ಸಹಿ ಆಗಿ ರಜಿಸ್ಟರ್‌ಗೆ ಹಾಜರ ಮಾಡಲಿಕ್ಕೆ ನಾಲ್ಕ ತಿಂಗಳ ಟೈಮ್ ಇರ್ತೈತಿ, ಅದು ನೋಂದಣಿ ಕಾಯ್ದೆದ್ದು. ಅದು ಮನಸ್ಸ ಬದಲ ಮಾಡ್ಲಿಕ್ಕೆ ಕೊಟ್ಟ ಟೈಮ್ ಅಲ್ಲ. ರಜಿಸ್ಟರ್ ಆಗಿ ಹೋದ ಮ್ಯಾಲಂತೂ ಒಬ್ಬರ ಹೋಗಿ ರದ್ದ ಮಾಡ್ಲಿಕ್ಕೆ ಬರೂದಿಲ್ಲ, ಇಬ್ರೂ ಒಪ್ಪಿ ಮನಿ ತಿರಗಿ ಬರಕೊಟ್ರೂ ಸ್ಟಾಂಪ್ ಡ್ಯೂಟಿ, ನೋಂದಣಿ ಫೀ ಮತ್ತೊಮ್ಮೆ ಬೀಳ್ತೈತಿ, 45 ಲಕ್ಷದ ಮ್ಯಾಲಿನ ಆಸ್ತಿಗೆ ಡ್ಯೂಟಿ 5%, ನೋಂದಣಿ ಫೀ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗೈತಿ.

ಬಿಲ್ಡರ್ ಕಡೆ ಹೊಸಾ ಫ್ಲ್ಯಾಟ್ ತಗೊಳ್ಳಾವ್ರಿಗೆ ರೇರಾ, ಅಂದ್ರ ಬಿಲ್ಡರ್ ಮ್ಯಾಲ ನಿಗಾ ಇಡೋ ರಿಯಲ್ ಎಸ್ಟೇಟ್ ಕಾಯ್ದೆ, ಸ್ವಲ್ಪ ಆಸರ ಆಗ್ತೈತಿ. ಕರಾರು ಬರದು ರಜಿಸ್ಟರ್ ಮಾಡೂಮಟಾ ಬೆಲೆದ 10% ಕಿಂತ ಹೆಚ್ಚ ತಗೊಳ್ಳಾಂಗಿಲ್ಲ. ರೇರಾದ ಮಾದರಿ ಕರಾರಿನ್ಯಾಗ ಬಿಲ್ಡರ್‌ದು ಏನೂ ತಪ್ಪಿಲ್ದ ನೀವ ಬಿಟ್ರ ಬುಕಿಂಗ್ ರೊಕ್ಕ ಹೋಗ್ತೈತಿ, ಉಳದಿದ್ದು ತಿರಗಿ ಕೊಡಬೇಕು ಅಂತೈತಿ. ಸುಳ್ಳ ಜಾಹೀರಾತ ನಂಬಿ ರೊಕ್ಕ ಹಾಕಿ ಮೋಸ ಹೋದ್ರ, ಇಲ್ಲಾ ಹೇಳಿದ ಟೈಮಿಗೆ ಮನಿ ಕೈಗೆ ಕೊಡದ ಇದ್ರ ಬಡ್ಡಿ ಸಮೇತ ಎಲ್ಲಾ ತಿರಗಿ ಕೇಳಬಹುದು. ಆದ್ರ 500 ಚದರ ಮೀಟರ್ ಒಳಗಿನ ಜಾಗಾ, ಇಲ್ಲಾ ಎಂಟ ಫ್ಲ್ಯಾಟ್ ಒಳಗಿನ ಕಟ್ಟಡ ರೇರಾದಾಗ ರಜಿಸ್ಟರ್ ಮಾಡಸಬೇಕಂತಿಲ್ಲ, ನಮ್ಮ ಊರಿನ ಗಲ್ಲಿಗಲ್ಲಿಯೊಳಗ ಏಳೋ ಸಣ್ಣ ಅಪಾರ್ಟ್‌ಮೆಂಟ್‌ ತಗೊಳ್ಳೂಮುಂದ ಇದನ್ನ ಮೊದಲ ಕೇಳಬೇಕು.

ಹಂಗಾದ್ರ ಮಾಡೂದೇನು? ದಿನಾ ನೀವ ಬರಸ್ಕೋರಿ. ನಾ ಹಿಂಗ ಬರೀತೀನಿ: "ಈ ಪತ್ರದ ದಿನಾಂಕದಿಂದ 30 ದಿನಗಳೊಳಗೆ ಖರೀದಿದಾರರಿಗೆ ಬ್ಯಾಂಕ್ ಸಾಲ ಮಂಜೂರಾಗದಿದ್ದಲ್ಲಿ, ಅಥವಾ ಆಸ್ತಿಯ ಹಕ್ಕಿನಲ್ಲಿ ದೋಷವಿದೆಯೆಂದು ಅವರ ವಕೀಲರು ಲಿಖಿತವಾಗಿ ತಿಳಿಸಿದಲ್ಲಿ, ಖರೀದಿದಾರರು ಈ ಕರಾರನ್ನು ರದ್ದುಪಡಿಸಬಹುದು, ಮಾರಾಟಗಾರರು ಪೂರ್ಣ ಸಂಚಕಾರವನ್ನು 15 ದಿನಗಳೊಳಗೆ ಬ್ಯಾಂಕ್ ಖಾತೆಯ ಮೂಲಕ ಹಿಂದಿರುಗಿಸತಕ್ಕದ್ದು." ಕಾರಣ ಇಲ್ದ ಬಿಡಲಿಕ್ಕೂ ದಾರಿ ಬೇಕಂದ್ರ "ಮೊದಲ 7 ದಿನದಾಗ ಇಷ್ಟ ರೂಪಾಯಿ ಕಡಿದು ಉಳದಿದ್ದು ವಾಪಸ್" ಅಂತ ಇನ್ನೊಂದ ಸಾಲ ಹಾಕಬಹುದು, ಸಿಡ್ನಿಯಾಗ ಸರ್ಕಾರ ಕೊಟ್ಟಿದ್ದನ್ನ ಇಲ್ಲಿ ನಾವ ಒಬ್ರಿಗೊಬ್ರು ಒಪ್ಪಕೊಂಡಂಗ ಆತು, ಕಾನೂನು ಏನೂ ಅಡ್ಡ ಬರೂದಿಲ್ಲ. ಮಾರಾವ್ರಿಗೂ ಏಳ ದಿನ ಬೇಕಂದ್ರ ಬರೀರಿ, ನ್ಯಾಯ ಇಬ್ರಿಗೂ ಇರ್ಲಿ.

ಆ ಮೂವತ್ತ ದಿನಾ ಸುಮ್ನ ಕೂಡಬಾರ್ದು. ನೋಂದಣಿ ಇಲಾಖೆದ ಕಾವೇರಿ ವೆಬ್‌ಸೈಟಿನ್ಯಾಗ ಇಸಿ (ಆಸ್ತಿ ಮ್ಯಾಲ ಇರೋ ಸಾಲ, ವ್ಯವಹಾರದ ದಾಖಲೆ) ತಗಸೂದು, ಸಿಟಿ ಸರ್ವೆ ಉತಾರ ಇಲ್ಲಾ ಪಿಆರ್ ಕಾರ್ಡ್ (ಆಸ್ತಿ ಯಾರ ಹೆಸರಿಗೆ ಐತಿ ಅನ್ನೋ ದಾಖಲೆ) ನೋಡೂದು, ಇ-ಖಾತಾ, ಎನ್ಎ (ಕೃಷಿಯೇತರ ಬಳಕೆ) ಆದೇಶ, ಲೇಔಟ್ ಮಂಜೂರಿ, ಬ್ಯಾಂಕಿನ್ಯಾಗ ಸಾಲ ಇದ್ರ ಬಾಕಿ ಎಷ್ಟ ಐತಿ ಅನ್ನೂದು. ಊರ ಹೊರಗ ರಜಿಸ್ಟರ್ ಇಲ್ದ ಬರೇ ಬಾಂಡ್ ಪೇಪರ್ ಮ್ಯಾಲ ಬರಕೊಡೋ ಗುಂಟೆ ಜಾಗಾಕ್ಕ ನಾನಂತೂ ಸಂಚಕಾರನ ಕೊಡಬ್ಯಾಡ್ರಿ ಅಂತೀನಿ, ಅಲ್ಲಿ ದಿನಾ ಬರಸಿದ್ರೂ ರೊಕ್ಕ ವಸೂಲ ಮಾಡೂದು ಬಾಳ ಕಠಿಣ.

ಮತ್ತ ಸಂಚಕಾರ ಕ್ಯಾಶ್ ಕೊಡಬ್ಯಾಡ್ರಿ. ಆಸ್ತಿ ವ್ಯವಹಾರದಾಗ 20,000 ರೂಪಾಯಿ ಇಲ್ಲಾ ಅದಕಿಂತ ಹೆಚ್ಚ ನಗದು ತಗೊಳ್ಳೂದಕ್ಕ 2015ರ ಜೂನ್‌ದಿಂದ ಇನ್‌ಕಮ್ ಟ್ಯಾಕ್ಸ್ ನಿರ್ಬಂಧ ಐತಿ, ವ್ಯವಹಾರ ಮುರದ್ರೂ ಲಾಗೂ ಆಗ್ತೈತಿ, ತಗೊಂಡಾವ್ರಿಗೆ ಅಷ್ಟ ಮೊತ್ತದ ದಂಡ ಬೀಳಬಹುದು, ತಿರಗಿ ಕೊಡೂಮುಂದೂ ನಗದು ನಡಿಯೂದಿಲ್ಲ. ಜಗಳ ಆದಾಗ ಕ್ಯಾಶ್ ಕೊಟ್ಟಾವ್ರ ಕಡೆ ಪುರಾವೆ ಇರೂದಿಲ್ಲ, ಕಣ್ಣೀರ ಹಾಕಿದಾವ್ರನ್ನ ನೋಡೀನ್ರಿ, ಅದಕ್ಕ ಇದನ್ನ ಒತ್ತಿ ಹೇಳಾಕತ್ತೀನಿ.

ಇದರ ನಡುವ ಒಂದ ಕಡೆ ಮಾತ್ರ ಕಾನೂನು ಖರೇನ ದಿನಾ ಕೊಡ್ತೈತಿ. ಮನಿ ಸಾಲದ ಜೋಡಿ ಬ್ಯಾಂಕಿನ್ಯಾಗ ಹಚ್ಚಿದ ಲೈಫ್ ಇನ್ಶೂರೆನ್ಸ್ ಬ್ಯಾಡಾಗಿದ್ರ, ಪಾಲಿಸಿ ಕೈಗೆ ಬಂದು 30 ದಿನದಾಗ ಫ್ರೀ ಲುಕ್ ಅಂತ ವಾಪಸ್ ಮಾಡಬಹುದು, ಸ್ವಲ್ಪ ಖರ್ಚ ಕಡಿದು ಪ್ರೀಮಿಯಂ ಬರ್ತೈತಿ.

"ಮಾರಾವ್ರು ಆ 30 ದಿನದ ಸಾಲು ಹಾಕಾಕ ಒಪ್ಪೂದಿಲ್ಲಂದ್ರ?" ಅಂತ ಕೊನಿಗೆ ಕೇಳ್ತಾರ. ಒಪ್ಪದ ಇರಾವ್ರು ಅದಾರ, ಬ್ಯಾರೆ ಗಿರಾಕಿ ಕಾಯಾಕತ್ತಾರ ಅಂತ ಅವಸರ ಮಾಡ್ತಾರ. ಅಂಥಾ ವ್ಯವಹಾರದಾಗ 11,000 ಟೋಕನ್ ಅಕೌಂಟಿಗೆ ಹಾಕಿ, "ಕಾಗದ ನೋಡಿ ಹತ್ತ ದಿನದಾಗ ಸಂಚಕಾರ ಮಾಡ್ತೀವಿ, ಆಗದಿದ್ರ ಇದು ವಾಪಸ್" ಅಂತ ವಾಟ್ಸಾಪಿನ್ಯಾಗ ಮೆಸೇಜ್ ಕಳಸಿ "ಆತು" ಅನಸ್ಕೋರಿ. ಅದಕ್ಕೂ ಒಪ್ಪದ ಇದ್ರ ಆ ಮನಿ ಬಿಡ್ರಿ.