ವಿದೇಶಿ ಬಂಡವಾಳ ಬಂದರೆ ದೇಶ ಬೆಳೆಯುತ್ತದೆ, ಅಲ್ಲವೇ?

ನಾನು ಅರ್ಥಶಾಸ್ತ್ರ ಕಲಿಸುತ್ತೇನೆಂದು ಗೊತ್ತಾದ ಕೂಡಲೇ ಈ ಪ್ರಶ್ನೆ ಬರುತ್ತದೆ: "ವಿದೇಶಿ ಹೂಡಿಕೆ ಬಂದರೆ ರಫ್ತು ಹೆಚ್ಚುತ್ತದೆ, ರಫ್ತು ಹೆಚ್ಚಿದರೆ ಬಡ ದೇಶ ಬೆಳೆಯುತ್ತದೆ, ಅಲ್ಲವೇ?" ಉತ್ತರವನ್ನು ತಾವೇ ಹೇಳಿಕೊಂಡು ನನ್ನಿಂದ ಬರೀ ಹೂಂಗುಟ್ಟುವಿಕೆ ಬಯಸುವುದು ಎಂಥ ಕೇಳುವಿಕೆ? ಒಮ್ಮೆ ಉಪನ್ಯಾಸ ಮುಗಿದ ಮೇಲೆ ಒಬ್ಬರು "ಹೌದೋ ಅಲ್ಲವೋ, ಒಂದೇ ಮಾತಿನಲ್ಲಿ ಹೇಳಿ" ಎಂದು ಪಟ್ಟು ಹಿಡಿದರು. ಹೇಳುವುದಿಲ್ಲ ಎಂದೆ. ಈಗಲೂ ಹೇಳುವುದಿಲ್ಲ.

ದಕ್ಷಿಣ ಕೊರಿಯಾ 1960ರ ದಶಕದಿಂದ ರಫ್ತನ್ನೇ ನೆಚ್ಚಿ ಬೆಳೆಯಿತು. ಆದರೆ ವಿದೇಶಿ ಕಂಪನಿಗಳನ್ನು ಬಹುಮಟ್ಟಿಗೆ ದೂರವಿಟ್ಟು, ಸಾಲ ತಂದು, ತನ್ನವರಿಂದಲೇ ಕಾರ್ಖಾನೆ ಕಟ್ಟಿಸಿತು. ಸಿಂಗಾಪುರ ಬಹುರಾಷ್ಟ್ರೀಯ ಕಂಪನಿಗಳನ್ನು ಕರೆದು ಕೂರಿಸಿ ಬೆಳೆಯಿತು. ಮೆಕ್ಸಿಕೊಗೆ, ಅಮೆರಿಕ ಮತ್ತು ಕೆನಡಾದೊಂದಿಗಿನ 1994ರ ನಾಫ್ಟಾ ಮುಕ್ತ ವ್ಯಾಪಾರ ಒಪ್ಪಂದದ ನಂತರ ಹೂಡಿಕೆಯೂ ಹರಿಯಿತು, ರಫ್ತೂ ಹಲವು ಪಟ್ಟಾಯಿತು, ತಲಾ ಆದಾಯ ಮಾತ್ರ ತೆವಳಿತು. ಬಿಡಿಭಾಗಗಳು ಹೊರಗಿನಿಂದ ಬಂದು, ಜೋಡಣೆಯಾಗಿ, ಮತ್ತೆ ಹೊರಗೇ ಹೋದರೆ ರಫ್ತಿನ ಅಂಕಿ ಉಬ್ಬುತ್ತದೆ. ಒಳಗೆ ಉಳಿಯುವುದು ಬಹುಪಾಲು ಕೂಲಿ. ಕಂಪನಿ ತವರಿಗೆ ಒಯ್ಯುವ ಲಾಭವೂ ಜಿಡಿಪಿಯಲ್ಲಿ, ಅಂದರೆ ದೇಶದೊಳಗಿನ ಒಟ್ಟು ಉತ್ಪನ್ನದ ಲೆಕ್ಕದಲ್ಲಿ, ಸೇರಿರುತ್ತದೆ; ಆ ದೇಶದವರ ಕೈಗೆ ಸೇರುವುದಿಲ್ಲ.

"ಎಷ್ಟು ಡಾಲರ್ ಬಂತು?" ಎನ್ನುವ ಬದಲು "ಯಾರು ಏನು ಕಲಿತರು?" ಎಂದು ಕೇಳಬಾರದೇ! ಆಗ ನಾನು ಬಾಂಗ್ಲಾದೇಶದ ಕಥೆ ಹೇಳುತ್ತೇನೆ. ಸಿದ್ಧ ಉಡುಪಿನ ಆಮದಿಗೆ ಶ್ರೀಮಂತ ದೇಶಗಳು ಹಾಕಿದ್ದ ಕೋಟಾ, ಅಂದರೆ ಪ್ರಮಾಣದ ಮಿತಿ, ಕೊರಿಯಾದ ಕೈ ಕಟ್ಟಿತ್ತು. ಹಾಗಾಗಿ ಕೊರಿಯಾದ ದೇವೂ ಕಂಪನಿ, ಆಗ ಆ ಮಿತಿಯಿಲ್ಲದ ಬಾಂಗ್ಲಾದೇಶದ ದೇಶ್ ಗಾರ್ಮೆಂಟ್ಸ್ ಜೊತೆ ಒಪ್ಪಂದ ಮಾಡಿಕೊಂಡು, 1979ರಲ್ಲಿ ಅದರ 130 ಮಂದಿಯನ್ನು ಕೊರಿಯಾಕ್ಕೆ ಕರೆಸಿ ತರಬೇತಿ ಕೊಟ್ಟಿತು. ಮುಂದಿನ ವರ್ಷಗಳಲ್ಲಿ ಅವರಲ್ಲಿ ಬಹುತೇಕರು ಕೆಲಸ ಬಿಟ್ಟರು; ಸ್ವಂತ ಕಾರ್ಖಾನೆ ತೆರೆದರು, ಇಲ್ಲವೇ ಬೇರೆ ಕಾರ್ಖಾನೆಗಳಿಗೆ ಸೇರಿದರು. ದೇಶ್ ಕಂಪನಿಗೆ ಅದು ನಷ್ಟ, ದೇಶಕ್ಕೆ ಅದೇ ಬಂಡವಾಳ. ಸರ್ಕಾರವೂ ನೆರವಾಯಿತು: ರಫ್ತಿಗೆಂದು ತರಿಸಿದ ಬಟ್ಟೆಗೆ ಸುಂಕ ಬೇಡವೆಂದಿತು, ಕೈಗೆ ಬಂದ ರಫ್ತಿನ ಆರ್ಡರನ್ನೇ ಆಧಾರವಾಗಿಟ್ಟು ಬಟ್ಟೆ ಸಾಲದಲ್ಲಿ ತರಿಸಲು ಬಿಟ್ಟಿತು. ಇಂದು ಆ ದೇಶದ ರಫ್ತಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಉಡುಪಿನದೇ.

ಬೊರೆನ್‌ಸ್ಟೈನ್, ಡಿ ಗ್ರೆಗೋರಿಯೊ, ಲೀ ಎಂಬ ಮೂವರು ಅರ್ಥಶಾಸ್ತ್ರಜ್ಞರು 1998ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ಜನರ ಶಿಕ್ಷಣ ಒಂದು ಮಟ್ಟ ಮುಟ್ಟಿದ್ದರೆ ಮಾತ್ರ ವಿದೇಶಿ ಹೂಡಿಕೆ ದೇಶೀಯ ಹೂಡಿಕೆಗಿಂತ ಹೆಚ್ಚು ಬೆಳವಣಿಗೆ ತರುತ್ತದೆ. ಆದ್ದರಿಂದ ಮುಂದಿನ ಸಲ ಯಾವುದಾದರೂ ಸರ್ಕಾರ ಹೂಡಿಕೆದಾರರಿಗೆ ತೆರಿಗೆ ರಜೆ, ಅಂದರೆ ಕೆಲವು ವರ್ಷ ತೆರಿಗೆ ವಿನಾಯಿತಿ, ಘೋಷಿಸಿದಾಗ, ಅದೇ ವರ್ಷ ತಾಂತ್ರಿಕ ಶಾಲೆಗಳಿಗೆ ಎಷ್ಟು ಕೊಟ್ಟಿತೆಂದು ನೋಡಿಕೊಂಡು ಬಂದು ನನ್ನನ್ನು ಕೇಳಿ. ಎಷ್ಟು ಹೊತ್ತಾದರೂ ಕೂತು ಮಾತನಾಡುತ್ತೇನೆ.